ಸೆರಗಿನ ಕೊಂಡಿ: ಮಗ್ಗದ ಮೇಲೆ ವಿನ್ಯಾಸವೂ ತಂತ್ರವೂ ಬೇರೆಯಾದ ಬಗೆ

ಇಳಕಲ್ ಸೀರೆ ಬಲ್ಲ ಹೆಂಗಸರು ಅಂಗಡಿಯಲ್ಲಿ ಬಣ್ಣ ನೋಡುವುದು ಆಮೇಲೆ. ಮೊದಲು ಮಡಿಕೆ ಬಿಚ್ಚಿ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸುತ್ತಾರೆ. ಅಲ್ಲಿ ಸಣ್ಣದೊಂದು ಏಣು ಕೈಗೆ ತಾಕಬೇಕು. ಒಡಲಿನ ಹತ್ತಿ ಎಳೆಯ ಕುಣಿಕೆಯೊಳಗೆ ಸೆರಗಿನ ರೇಷ್ಮೆ ಎಳೆಯ ಕುಣಿಕೆ ಸೇರಿ, ಸೀರೆಯ ಅಗಲಕ್ಕೂ ಸಾಲಾಗಿ ಕೂತಿರುವ ಜಾಗ ಅದು. ನೇಕಾರರ ಮಾತಿನಲ್ಲಿ ಕೊಂಡಿ. ಅದು ಇದ್ದರೆ ಸೀರೆ ಕೈಮಗ್ಗದ್ದು ಎಂದು ನಂಬಿಕೆ. ಇಲ್ಲದಿದ್ದರೆ ಅಂಗಡಿಯವನು ಏನೇ ಆಣೆ ಹಾಕಲಿ, ಹೆಂಗಸರು ಸೀರೆ ಮಡಚಿ ಪಕ್ಕಕ್ಕಿಡುತ್ತಾರೆ.

ಕೊಂಡಿಯ ಹಿಂದೆ ಬಣ್ಣದ ಒಂದು ತೊಡಕಿದೆ. ಬಟ್ಟೆಯ ಬಣ್ಣ ಒಂದೇ ಎಳೆಯಿಂದ ಹುಟ್ಟುವುದಿಲ್ಲ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಎರಡೂ ಬೆರೆತಾಗ ಕಣ್ಣಿಗೆ ಕಾಣುವುದು ಬಣ್ಣ. ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಹಾಕಿದರೆ ಕೆಂಪು ಬರುವುದಿಲ್ಲ, ಎರಡಕ್ಕೂ ಸೇರದ ಮಂಕು ಬರುತ್ತದೆ. ಇಳಕಲ್ಲಿಗೆ ಬೇಕಿದ್ದದ್ದು ಅಪ್ಪಟ ಕೆಂಪು ಸೆರಗು, ಅದರ ನಡುವೆ ಬಿಳಿಯ ಪಟ್ಟಿ, ಪಟ್ಟಿಯ ಅಂಚಿನಲ್ಲಿ ಜೋಳದ ತೆನೆ, ಹಣಿಗೆಯ ಹಲ್ಲು, ಕೋಟೆಯ ಸಾಲು. ಅಪ್ಪಟ ಕೆಂಪು ಬೇಕೆಂದರೆ ಸೆರಗಿನ ಮಟ್ಟಿಗೆ ಹಾಸೂ ಕೆಂಪಾಗಬೇಕು. ಆದರೆ ಹಾಸು ಒಡಲಿನಿಂದ ನೇರ ಹರಿದು ಬರುವಂಥದ್ದು, ನಡುವೆ ಬಣ್ಣ ಬದಲಿಸುವುದು ಹೇಗೆ? ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು ಮಾಡಿ, ಎರಡನ್ನೂ ಕುಣಿಕೆಯಿಂದ ಕೂಡಿಸಿದರು. ಟೋಪ್ ತೆನಿ ಸೆರಗು ಎಂದು ಹೆಸರಾದದ್ದು ಇದೇ. ಇದಕ್ಕಾಗಿ ಒಂದೊಂದು ಸೀರೆಗೂ ಬೇರೆಬೇರೆ ಹಾಸು ಸಿದ್ಧವಾಗಬೇಕು. ಕಾಂಚೀಪುರದವರಿಗೂ ಇದೇ ತೊಡಕು ಎದುರಾಗಿತ್ತು. ಅವರು ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆಯಾಗಿ ಹೊಸೆದು ಸೇರಿಸಿದರು. ಅದು ಪೇಟ್ನಿ. ಪ್ರಶ್ನೆ ಒಂದೇ, ಎರಡು ಊರು ಕಂಡುಕೊಂಡ ಉತ್ತರ ಎರಡು.

ಪವರ್‌ಲೂಮ್ ಬಂದು ಎಡವಿದ್ದು ಇಲ್ಲಿಯೇ. ಪವರ್‌ಲೂಮಿನ ಲಾಭವಿರುವುದು ನಿಲ್ಲದೆ ಓಡುವುದರಲ್ಲಿ. ಬೀಮಿನ ಮೇಲೆ ಹತ್ತಾರು ಸೀರೆಗಾಗುವಷ್ಟು ಹಾಸು ಸುತ್ತಿಟ್ಟಿರುತ್ತಾರೆ. ಪ್ರತಿ ಸೀರೆಗೂ ಮಗ್ಗ ನಿಲ್ಲಿಸಿ ಕೊಂಡಿ ಹಾಕುತ್ತ ಕೂತರೆ ಯಂತ್ರ ಇಟ್ಟುಕೊಂಡು ಫಲವಿಲ್ಲ. ಹಾಗಾಗಿ ಪವರ್‌ಲೂಮಿನ ‘ಇಳಕಲ್’ನಲ್ಲಿ ಹಾಸು ಮೊದಲಿನಿಂದ ಕೊನೆತನಕ ಒಂದೇ, ಸೆರಗಿನಲ್ಲಿ ಹೊಕ್ಕಿನ ಬಣ್ಣ ಮಾತ್ರ ಬದಲು. ಫೋಟೋದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಸೀರೆ ಕೊಳ್ಳುವ ಈ ಕಾಲದಲ್ಲಿ ಬೆರಳಾಡಿಸಿ ನೋಡುವ ಅವಕಾಶವೂ ಇಲ್ಲ.

ಜವಳಿ ಕುರಿತ ಯಾವ ವಿಚಾರಸಂಕಿರಣಕ್ಕೆ ಹೋದರೂ ವಿನ್ಯಾಸ ಮತ್ತು ತಂತ್ರಜ್ಞಾನವನ್ನು ಬೆಸೆಯಬೇಕು ಎಂಬ ಮಾತು ಕಿವಿಗೆ ಬೀಳುತ್ತದೆ. ಇದೇನೋ ಹೊಸದಾಗಿ ಆಗಬೇಕಾದ ಕೆಲಸ ಎಂಬಂತೆ ಹೇಳುತ್ತಾರೆ. ಕೊಂಡಿಯನ್ನು ನೋಡಿದವರಿಗೆ ಆ ಮಾತು ವಿಚಿತ್ರವಾಗಿ ಕೇಳುತ್ತದೆ. ಕೆಂಪು ಸೆರಗು ಬೇಕೆಂದು ಆಸೆಪಟ್ಟವರೂ ಅದಕ್ಕೆ ಎಳೆಯ ಲೆಕ್ಕ ಹಾಕಿದವರೂ ಒಂದೇ ಮನೆಯವರು. ಬೆಸುಗೆ ಇತ್ತು, ನಡುವೆ ಕಳಚಿತು. ಎಲ್ಲಿ ಕಳಚಿತು ಎಂದು ಹುಡುಕದೆ ಹೊಸ ಬೆಸುಗೆ ಹಾಕಹೊರಟರೆ ಅದು ಎರಡು ಸೀರೆಯನ್ನು ಪಿನ್ನು ಚುಚ್ಚಿ ಸೇರಿಸಿದಂತೆ.

ಕಳಚದೆ ಉಳಿದ ಒಂದು ಉದಾಹರಣೆ ನಮ್ಮಲ್ಲೇ ಇದೆ. ಅದು ಕೈಮಗ್ಗದ್ದಲ್ಲ, ಕಾರ್ಖಾನೆಯದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಮಗ್ಗಗಳು ಬಂದದ್ದು ಸ್ವಿಟ್ಜರ್ಲೆಂಡಿನಿಂದ. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಅಂದರೆ ಕೆಎಸ್‌ಐಸಿಯ ಕೈಗೆ ಬಂತು. ಮೈಸೂರು ರೇಷ್ಮೆಗೆ ಜಿಐ, ಅಂದರೆ ಊರಿನ ಹೆಸರನ್ನು ಕಾನೂನಿನಿಂದ ಕಾಪಾಡುವ ಭೌಗೋಳಿಕ ಗುರುತು ಸಿಕ್ಕಿದ್ದು 2005ರಲ್ಲಿ. ಯಂತ್ರದಲ್ಲಿ ನೇಯ್ದ ಸೀರೆ ಕಾಂಚೀಪುರದ ಕೈನೇಯ್ಗೆಯ ಪಕ್ಕದಲ್ಲಿ ತಲೆ ತಗ್ಗಿಸದೆ ನಿಂತಿದೆಯಲ್ಲ, ಅದು ಹೇಗೆ? ಮೈಮೇಲೆ ಚಿತ್ತಾರದ ಹಂಗಿಲ್ಲ. ಬಹುಪಾಲು ಸೀರೆಗಳಲ್ಲಿ ಒಂದೇ ಬಣ್ಣ, ಅಂಚಿಗೊಂದು ಜರಿ ಪಟ್ಟಿ, ಅಷ್ಟೆ. ಜನ ಮರುಳಾಗುವುದು ಬಟ್ಟೆ ಇಳಿಬೀಳುವ ಬಗೆಗೆ, ಉಟ್ಟಾಗ ನೆರಿಗೆ ನಿಲ್ಲುವ ಸೊಗಸಿಗೆ.

ಆ ಸೊಗಸು ಹುಟ್ಟುವುದು ನೂಲಿನ ಹುರಿಯಲ್ಲಿ. ಮೈಸೂರು ರೇಷ್ಮೆ ಕ್ರೇಪ್ ಜಾತಿಯ ಬಟ್ಟೆ. ಕ್ರೇಪಿನ ಹೊಕ್ಕಿಗೆ ಬಳಸುವ ನೂಲನ್ನು ಮೀಟರಿಗೆ 2000 ಸುತ್ತಿಗೂ ಮಿಕ್ಕಿ ಹುರಿ ಮಾಡುತ್ತಾರೆ. ಅದರಲ್ಲೂ ಕೆಲವು ಎಳೆ ಬಲಕ್ಕೆ ಹುರಿಗೊಂಡದ್ದು, ಕೆಲವು ಎಡಕ್ಕೆ. ನೇಯುವಾಗ ಎರಡು ಎಳೆ ಬಲಹುರಿಯದು, ಎರಡು ಎಳೆ ಎಡಹುರಿಯದು, ಹೀಗೆ ಸರದಿಯಲ್ಲಿ ಹಾಕುತ್ತಾರೆ. ಮಗ್ಗದಿಂದ ಇಳಿದ ಬಟ್ಟೆಯನ್ನು ನೀವು ನೋಡಿದರೆ ಮೈಸೂರು ಸಿಲ್ಕ್ ಎನ್ನಲಾರಿರಿ, ಗಟ್ಟಿಯಾಗಿ, ಕಾಗದದ ಹಾಗೆ ಸೆಟೆದುಕೊಂಡಿರುತ್ತದೆ. ಹಸಿ ರೇಷ್ಮೆಯ ತೂಕದಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಅಂಟು ಇರುತ್ತದೆ. ಸೋಪಿನ ಬಿಸಿನೀರಿನಲ್ಲಿ ಕುದಿಸಿ ಆ ಅಂಟು ತೆಗೆದಾಗ, ಅದುವರೆಗೆ ಅಂಟಿನ ಕಟ್ಟಿನಲ್ಲಿ ತೆಪ್ಪಗಿದ್ದ ಹುರಿ ಬಿಚ್ಚಿಕೊಳ್ಳಲು ಒದ್ದಾಡುತ್ತದೆ. ಬಲಹುರಿ ಒಂದು ಕಡೆ ಎಳೆಯುತ್ತದೆ, ಎಡಹುರಿ ಇನ್ನೊಂದು ಕಡೆ. ಆ ಜಗ್ಗಾಟದಲ್ಲಿ ಬಟ್ಟೆ ಕುಗ್ಗಿ, ಮೈತುಂಬ ಕಣ್ಣಿಗೆ ಕಂಡೂ ಕಾಣದ ಸಣ್ಣ ಸುಕ್ಕು ಏಳುತ್ತದೆ. ಹೊಳಪು ಮೆತ್ತಗಾಗುತ್ತದೆ, ಬಟ್ಟೆಗೆ ಹರಿವು ಬರುತ್ತದೆ.

ಇದನ್ನು ಕಾಗದದ ಮೇಲೆ ಬರೆಯುವ ವಿನ್ಯಾಸಕಾರ ಯಾರೂ ಇಲ್ಲ. ವಿನ್ಯಾಸ ಇರುವುದು ಹುರಿ ಯಂತ್ರದಲ್ಲಿ, ಹೊಕ್ಕಿನ ಎಳೆ ಒಯ್ಯುವ ಲಾಳಿಯ ಸರದಿಯಲ್ಲಿ, ಕುದಿಯುವ ನೀರಿನಲ್ಲಿ. ಗೂಡಿನಿಂದ ನೂಲು ತೆಗೆಯುವುದು ತಿ.ನರಸೀಪುರದಲ್ಲಿ, ನೇಯ್ಗೆ ಮತ್ತು ಬಣ್ಣ ಮೈಸೂರಿನಲ್ಲಿ, ಮಾರಾಟವೂ ಕೆಎಸ್‌ಐಸಿಯದೇ ಮಳಿಗೆಯಲ್ಲಿ. ಒಂದೇ ಸಂಸ್ಥೆಯ ಕೈಯಲ್ಲಿ ಎಲ್ಲವೂ ಇರುವುದರಿಂದ ಸೀರೆ ಹೀಗೆ ಬರಬೇಕೆಂದರೆ ನೂಲು ಹೀಗಿರಬೇಕು ಎಂದು ಕೇಳುವವರೂ, ಕೇಳಿಸಿಕೊಳ್ಳುವವರೂ ಇದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಈ ಸೀರೆಗಾಗಿ ಬೆಳಗಿನ ಜಾವದಲ್ಲೇ ಮಳಿಗೆಯ ಮುಂದೆ ಸಾಲು ನಿಂತ ಸುದ್ದಿ ಓದಿದ್ದೇವೆ. ಬೇಡಿಕೆಯಷ್ಟು ತಯಾರಿ ಇಲ್ಲ ಎಂಬುದು ಬೇರೆಯೇ ದೂರು. ಆದರೆ ನೂರು ವರ್ಷ ದಾಟಿದ ಒಂದು ಬಟ್ಟೆಯ ಮುಂದೆ ಜನ ಸಾಲು ನಿಲ್ಲುತ್ತಾರೆ ಎಂಬುದು ಸಣ್ಣ ಮಾತಲ್ಲ.

ಈ ಅನುಕೂಲ ಇಳಕಲ್ಲಿನ, ಗುಳೇದಗುಡ್ಡದ, ಮೊಳಕಾಲ್ಮೂರಿನ ನೇಕಾರರಿಗಿಲ್ಲ. ಹತ್ತಿ ನೂಲು ಒಂದು ಕಡೆಯಿಂದ, ರೇಷ್ಮೆ ಇನ್ನೊಂದು ಕಡೆಯಿಂದ, ಬಣ್ಣ ಮತ್ತೊಬ್ಬರಿಂದ. ಸಾವಕಾರರು ನೂಲು ಕೊಡುತ್ತಾರೆ, ನೇಕಾರರು ಸೀರೆ ಕೊಡುತ್ತಾರೆ, ಕೂಲಿ ಸೀರೆಯ ಲೆಕ್ಕದಲ್ಲಿ. ಈ ಕೂಲಿಯ ಲೆಕ್ಕಕ್ಕೆ ಮುಂದೆ ಬರುತ್ತೇನೆ, ಗಂಟು ಇರುವುದು ಅಲ್ಲೇ.

ಈಗ ಜಕಾರ್ಡಿನ ವಿಷಯ. 1804ರಲ್ಲಿ ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮೇರಿ ಜಕಾರ್ಡ್ ನೇಯ್ಗೆಯಲ್ಲೇ ಚಿತ್ತಾರ ಮೂಡಿಸುವ ತನ್ನ ಯಂತ್ರವನ್ನು ಮುಂದಿಟ್ಟ. ಮಗ್ಗದ ನೆತ್ತಿಯ ಮೇಲೆ ರಟ್ಟಿನ ಕಾರ್ಡುಗಳ ಮಾಲೆ. ಒಂದು ಹೊಕ್ಕಿಗೆ ಒಂದು ಕಾರ್ಡು. ತೂತು ಇದ್ದಲ್ಲಿ ಕೊಕ್ಕೆ ಮೇಲೇಳುತ್ತದೆ, ಅದರೊಂದಿಗೆ ಹಾಸಿನ ಎಳೆಯೂ ಏಳುತ್ತದೆ, ತೂತು ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹೌದು ಅಥವಾ ಇಲ್ಲ, ಎರಡೇ ಮಾತು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೂತಿನ ಕಾರ್ಡಿನ ಯೋಚನೆಯನ್ನು ತೆಗೆದುಕೊಂಡದ್ದು ಇಲ್ಲಿಂದಲೇ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ದೊಡ್ಡಬಳ್ಳಾಪುರದ ದಾರಿಯಲ್ಲಿ ಹೋಗುವಾಗ ಕೇಳುವ ಮಗ್ಗದ ಸದ್ದು ಅವರ ಕಸುಬಿನ ಮುತ್ತಜ್ಜನದ್ದು.

ಚಿತ್ರ ಮತ್ತು ಕಾರ್ಡಿನ ನಡುವೆ ಒಬ್ಬ ಮನುಷ್ಯ ಇದ್ದ, ಗ್ರಾಫ್ ಬರೆಯುವವ. ಕಲಾವಿದ ನವಿಲು ಬರೆದುಕೊಟ್ಟರೆ ಅದನ್ನು ಚೌಕಳಿ ಹಾಳೆಯ ಮೇಲೆ ಇಳಿಸುವುದು ಅವನ ಕೆಲಸ. ಒಂದು ಚೌಕ ಎಂದರೆ ಒಂದು ಎಳೆ. ನವಿಲಿನ ಕೊರಳಿನ ತಿರುವು ಕಾಗದದ ಮೇಲೆ ಎಷ್ಟು ನಯವಾಗಿದ್ದರೂ ಬಟ್ಟೆಯಲ್ಲಿ ಅದು ಮೆಟ್ಟಿಲಾಗುತ್ತದೆ. ಎಲ್ಲಿ ಮೆಟ್ಟಿಲು ಕಂಡರೆ ಚೆಂದ, ಎಲ್ಲಿ ಅಡಗಿಸಬೇಕು, ಎಷ್ಟು ಕೊಕ್ಕೆಯಲ್ಲಿ ಬೂಟಿ ಮುಗಿಯಬೇಕು, ಎಲ್ಲಿ ಎಳೆಯನ್ನು ನಡುವೆ ಹಿಡಿದು ಕಟ್ಟಬೇಕು ಎಂಬುದೆಲ್ಲ ಅವನಿಗೆ ಗೊತ್ತು. ಈ ಕಟ್ಟುವ ಮಾತು ಮುಖ್ಯ. ಎಳೆ ಹೆಣೆಯದೆ ಬಟ್ಟೆಯ ಮೇಲೆ ಉದ್ದಕ್ಕೆ ತೇಲಿದರೆ ಹೊಳಪು ಹೆಚ್ಚು, ಆದರೆ ಉಟ್ಟ ದಿನವೇ ಬಳೆಗೆ ಸಿಕ್ಕುತ್ತದೆ, ಕಾಲುಂಗುರಕ್ಕೆ ಸಿಕ್ಕುತ್ತದೆ, ಜಗ್ಗುತ್ತದೆ. ಬಳೆ ಮತ್ತು ಕಾಲುಂಗುರದ ನೆನಪಿಲ್ಲದೆ ಸೀರೆಗೆ ಚಿತ್ತಾರ ಬರೆಯಲಾಗದು. ಚಿತ್ರಕ್ಕೂ ಮಗ್ಗಕ್ಕೂ ನಡುವಿನ ಕೊಂಡಿ ಅಂದರೆ ಈ ಮನುಷ್ಯ.

1983ರಲ್ಲಿ ಮಿಲಾನಿನ ಜವಳಿ ಯಂತ್ರ ಮೇಳದಲ್ಲಿ ಬೋನಾಸ್ ಎಂಬ ಬ್ರಿಟಿಷ್ ಕಂಪನಿ ಎಲೆಕ್ಟ್ರಾನಿಕ್ ಜಕಾರ್ಡ್ ತೋರಿಸಿತು. ಕಾರ್ಡಿನ ಮಾಲೆ ಹೋಯಿತು, ಕಂಪ್ಯೂಟರಿನಿಂದಲೇ ಕೊಕ್ಕೆಗಳಿಗೆ ಆಜ್ಞೆ ಹೋಗತೊಡಗಿತು. ಕಾರ್ಡು ಹೊಡೆಸಿ, ಹೊಲಿಸಿ, ಮಗ್ಗಕ್ಕೆ ಏರಿಸುವ ದಿನಗಟ್ಟಲೆಯ ಕೆಲಸ ಈಗ ನಿಮಿಷದ್ದು. ನಮ್ಮಲ್ಲಿ ಕೇಂದ್ರ ಸರ್ಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ‘ಡಿಜಿಬುನಾಯ್’ ಎಂಬ ತಂತ್ರಾಂಶ ಮಾಡಿದೆ. ಜಕಾರ್ಡ್ ಮತ್ತು ಸಣ್ಣ ಚಿತ್ತಾರದ ಡಾಬಿ ಮಗ್ಗದ ವಿನ್ಯಾಸಕ್ಕೆ ಬೇಕಾದ ಗ್ರಾಫನ್ನು ಅದರಲ್ಲೇ ತಯಾರಿಸಬಹುದು, ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿಯ ದುಡ್ಡೂ ಇಲ್ಲ. ಒಳ್ಳೆಯ ಕೆಲಸ. ಹೊರದೇಶದ ದುಬಾರಿ ತಂತ್ರಾಂಶಗಳ ಎದುರು ಇದು ನೇಕಾರರಿಗೆ ಎಟುಕುವಂಥದ್ದು. ಆದರೆ ತಂತ್ರಾಂಶ ಗ್ರಾಫ್ ಬರೆಯುವವನ ಕೈಯನ್ನು ವೇಗ ಮಾಡಬಲ್ಲದು, ಅವನ ಕಣ್ಣನ್ನು ಹುಟ್ಟಿಸಲಾರದು. ಆ ಕಣ್ಣಿರುವವರು ಊರೂರಲ್ಲಿ ಕೈಬೆರಳೆಣಿಕೆಗೆ ಇಳಿಯುತ್ತಿರುವಾಗ ಅವರನ್ನು ಮುಂದೆ ಕೂರಿಸಿಕೊಂಡು ಕಲಿಯುವ ಏರ್ಪಾಟು ಮಾತ್ರ ಎಲ್ಲೂ ಕಾಣುವುದಿಲ್ಲ.

ಇದೀಗ ಎಐ ಬಂದಿದೆ. ‘ಇಳಕಲ್ ಸೀರೆ, ನವಿಲು ನೀಲಿ, ಹೊಸ ಬಗೆಯ ಸೆರಗು’ ಎಂದು ಬರೆದರೆ ಕ್ಷಣದಲ್ಲಿ ಹತ್ತು ಚಿತ್ರ. ನೋಡಲು ಮನಮೋಹಕ. ಅವನ್ನು ಮಗ್ಗದ ಮುಂದೆ ಹಿಡಿದರೆ ತಿಳಿಯುತ್ತದೆ ನೇಯಲು ಬಾರದ ಬಟ್ಟೆಯ ಚಿತ್ರ ಅದು ಎಂದು. ಹೊಕ್ಕಿನಲ್ಲಿ ಹನ್ನೆರಡು ಬಣ್ಣ ಕಾಣುತ್ತವೆ, ಬಣ್ಣಕ್ಕೊಂದು ಲಾಳಿ ಬೇಕಲ್ಲ? ಬೂಟಿಯ ಅಂಚು ನೀರಿನಂತೆ ಹರಿದಿದೆ, ಅಷ್ಟು ಕೊಕ್ಕೆ ಯಾವ ಮಗ್ಗದಲ್ಲಿದೆ? ಇಂಥ ಚಿತ್ರ ಸಲೀಸಾಗಿ ಬಟ್ಟೆಯಾಗುವ ದಾರಿ ಒಂದೇ, ಡಿಜಿಟಲ್ ಪ್ರಿಂಟ್. ನೇಯ್ಗೆಯ ಚಿತ್ರ ಕೊಟ್ಟು ಅಚ್ಚಿನ ಬಟ್ಟೆ ತೆಗೆಯುವುದು. ಅಲ್ಲಿಗೆ ಎಐ ಯಾರ ಕೈ ಬಲಪಡಿಸಿತು ಎಂದು ಬಿಡಿಸಿ ಹೇಳಬೇಕಿಲ್ಲ. ಇದೇ ಎಐಗೆ ಮಗ್ಗದ ಕಟ್ಟಳೆಗಳನ್ನು ಮೊದಲೇ ಕಲಿಸಿ, ಇಷ್ಟು ಕೊಕ್ಕೆ, ಇಷ್ಟು ಲಾಳಿ, ಇಷ್ಟಕ್ಕಿಂತ ಉದ್ದ ಎಳೆ ತೇಲಬಾರದು ಎಂದು ಗೆರೆ ಹಾಕಿ ಕೊಟ್ಟರೆ ಕಥೆ ಬೇರೆ. ಆ ಗೆರೆ ಹಾಕಲು ನೇಕಾರರೇ ಬೇಕು.

ಎಂಜಿನಿಯರುಗಳೂ ವಿನ್ಯಾಸಕಾರರೂ ನೇಕಾರರೂ ಒಂದೇ ಕೋಣೆಯಲ್ಲಿ ಕೂರುವುದು ನಮ್ಮಲ್ಲಿ ಅಪರೂಪ. ಫ್ಯಾಷನ್ ಕಲಿಸುವ ನಿಫ್ಟ್ ಬೆಂಗಳೂರಿನಲ್ಲಿದೆ, ವಿನ್ಯಾಸ ಕಲಿಸುವ ಎನ್‌ಐಡಿಯ ಒಂದು ಶಾಖೆಯೂ ಅಲ್ಲೇ. ಜವಳಿ ತಂತ್ರಜ್ಞಾನ ಕಲಿಸುವ, 1938ರಲ್ಲಿ ಶುರುವಾದ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ ಬೆಂಗಳೂರಿನ ಕೆ.ಆರ್.ವೃತ್ತದಲ್ಲಿದೆ. ಕೈಮಗ್ಗ ತಂತ್ರಜ್ಞಾನ ಕಲಿಸುವ ಸಂಸ್ಥೆ ಗದಗದಲ್ಲಿದೆ. ಇಳಕಲ್ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ವಿನ್ಯಾಸದ ವಿದ್ಯಾರ್ಥಿ ಎರಡು ವಾರ ಇಳಕಲ್ಲಿಗೆ ಬಂದು ಫೋಟೋ ತೆಗೆದು, ನಾಲ್ಕು ಮಾದರಿ ನೇಯಿಸಿ, ವರದಿ ಬರೆದು ಹೋಗುತ್ತಾನೆ. ಆ ಮಾದರಿ ಅವನ ಪ್ರದರ್ಶನದಲ್ಲಿ ಗೋಡೆಗೆ ತೂಗುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿ ಯಂತ್ರದ ವೇಗ ಲೆಕ್ಕ ಹಾಕುತ್ತಾನೆ, ಸೀರೆ ಉಡುವವರನ್ನು ಮಾತಾಡಿಸುವ ಸಂದರ್ಭ ಅವನಿಗೆ ಬರುವುದೇ ಇಲ್ಲ. ನೇಕಾರರ ಮಗ ಈ ಎರಡೂ ತರಗತಿಗಳಲ್ಲಿ ಇದ್ದರೆ ಅದೇ ದೊಡ್ಡ ಸುದ್ದಿ.

ಸರ್ಕಾರದ ಯೋಜನೆಗಳಲ್ಲೂ ಇದೇ ಬಿರುಕು. 2021ರಲ್ಲಿ ಕೃತಕ ನಾರು ಮತ್ತು ತಾಂತ್ರಿಕ ಜವಳಿಗೆಂದು ಕೇಂದ್ರ ಸರ್ಕಾರ ಘೋಷಿಸಿದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ 10,683 ಕೋಟಿ ರೂಪಾಯಿ. 2023ರಲ್ಲಿ ಪ್ರಕಟವಾದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಒಂದು ಕಲಬುರಗಿಗೆ ಬಂದಿದೆ. ಅದರ ಘೋಷವಾಕ್ಯ ಗಮನಿಸಿ: ಹೊಲದಿಂದ ನಾರು, ನಾರಿನಿಂದ ಕಾರ್ಖಾನೆ, ಕಾರ್ಖಾನೆಯಿಂದ ಫ್ಯಾಷನ್, ಫ್ಯಾಷನ್ನಿಂದ ವಿದೇಶ. ಫ್ಯಾಷನ್ ಬರುವುದು ಕಾರ್ಖಾನೆ ಆದಮೇಲೆ! ಬಟ್ಟೆ ತಯಾರಾದ ಬಳಿಕ ಅದಕ್ಕೆ ಅಂದ ಹಚ್ಚುವುದು ವಿನ್ಯಾಸ ಎಂಬ ತಿಳಿವಳಿಕೆ ಆ ಸರಣಿಯಲ್ಲೇ ಕೂತಿದೆ. ಮೈಸೂರು ಕ್ರೇಪ್ ಆ ಸರಣಿಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಕೈಮಗ್ಗದ ಕಡೆಗೂ ದುಡ್ಡು ಬಂದಿಲ್ಲ ಎನ್ನುವಂತಿಲ್ಲ. 2016ರಲ್ಲಿ ಶುರುವಾದ ಹಥ್‌ಕರ್ಘಾ ಸಂವರ್ಧನ್ ಸಹಾಯತಾ ಯೋಜನೆಯಲ್ಲಿ ಮಗ್ಗ ಮತ್ತು ಬಿಡಿಭಾಗಗಳ ಬೆಲೆಯ ಶೇಕಡ 90ರಷ್ಟನ್ನು ಕೇಂದ್ರವೇ ಭರಿಸುತ್ತದೆ. ಜಕಾರ್ಡ್ ಎತ್ತುವ ಯಂತ್ರ, ಹಾಸು ಸುತ್ತುವ ಮೋಟಾರು ಎಲ್ಲ ಅದರ ಪಟ್ಟಿಯಲ್ಲಿವೆ. ಇಲ್ಲಿ ಇನ್ನೊಂದು ಜಗಳ ಎದ್ದು ನಿಲ್ಲುತ್ತದೆ. ಎಷ್ಟು ಯಂತ್ರ ಸೇರಿದರೆ ಕೈಮಗ್ಗ ಕೈಮಗ್ಗವಾಗಿ ಉಳಿಯುವುದಿಲ್ಲ?

1985ರ ಕೈಮಗ್ಗ ಮೀಸಲಾತಿ ಕಾಯ್ದೆ ಮೊದಲು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತ್ತು. ಈಗ ಉಳಿದಿರುವುದು 11. ಕಾಯ್ದೆಯ ಪ್ರಕಾರ ಪವರ್‌ಲೂಮ್ ಅಲ್ಲದ ಮಗ್ಗವೆಲ್ಲ ಕೈಮಗ್ಗ. 12ನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ, ಒಂದೇ ಒಂದು ಹಂತದಲ್ಲಿ ಕೈಯ ಕೆಲಸವಿದ್ದರೂ ಸಾಕು, ಅದನ್ನು ಕೈಮಗ್ಗ ಎನ್ನಬಹುದು ಎಂಬರ್ಥದ ಸಲಹೆ ಬಂತು. ನೇಕಾರರು ಕೆರಳಿದರು. ಅದರ ವಿರುದ್ಧ ನಮ್ಮ ರಾಜ್ಯದಲ್ಲಿ ದೊಡ್ಡದಾಗಿ ದನಿ ಎತ್ತಿದವರು ರಂಗಕರ್ಮಿ ಪ್ರಸನ್ನ. ಅವರ ಮಾತಿನಲ್ಲಿ ಕೈ ಕೆಲಸದ ಮೇಲಿನ ಅತಿಮೋಹ ಇದೆ ಎಂದು ನನಗೆ ಕೆಲವೊಮ್ಮೆ ಅನ್ನಿಸಿದ್ದುಂಟು. ಆದರೆ ಅಂದು ಅವರ ಆತಂಕ ನಿಜವಾದದ್ದು. ಹೆಸರು ಸಡಿಲವಾದರೆ ಸಬ್ಸಿಡಿಯೂ ಮೀಸಲಾತಿಯೂ ಪವರ್‌ಲೂಮ್ ಮಾಲೀಕರ ಪಾಲಾಗುವುದಕ್ಕೆ ಹೆಚ್ಚು ದಿನ ಬೇಕಿರಲಿಲ್ಲ.

ಪ್ರಸನ್ನ ಅವರು ಹೆಗ್ಗೋಡಿನ ಹತ್ತಿರ ಹಳ್ಳಿಯ ಹೆಂಗಸರೊಂದಿಗೆ ಕಟ್ಟಿದ ‘ಚರಕ’ ಸಂಘದಲ್ಲಿ ತಂತ್ರಜ್ಞಾನದ ಇನ್ನೊಂದೇ ಮುಖ ಇದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅವರಿಗೆ ಬಣ್ಣ. ಚೊಗರಿನಲ್ಲಿರುವ ಒಗರು ಪದಾರ್ಥ ಹತ್ತಿಯ ನಾರನ್ನು ಹಿಡಿಯುತ್ತದೆ, ಜತೆಗೆ ಸೇರಿಸುವ ಲವಣ ಬದಲಾದಂತೆ ಕಂದು ಛಾಯೆಗಳೂ ಬದಲಾಗುತ್ತವೆ. ದಾಳಿಂಬೆ ಸಿಪ್ಪೆ, ನೀಲಿ ಗಿಡದ ಬಣ್ಣ ಕೂಡ ಬಳಕೆಯಲ್ಲಿವೆ. ಆ ಮಗ್ಗಗಳಲ್ಲಿ ಜಕಾರ್ಡಿಲ್ಲ, ಸಾದಾ ನೇಯ್ಗೆ. ಪಟ್ಟೆ, ಚೌಕಳಿ ಅಷ್ಟೇ ಬರುತ್ತವೆ. ಹೊಸದಾಗಿ ನೇಯ್ಗೆ ಕಲಿತ ಕೈಗೆ ಆಗುವಷ್ಟು ನೇಯ್ಗೆ, ಊರಲ್ಲಿ ಸಿಗುವ ಬಣ್ಣ, ಪೇಟೆಯವರು ದಿನವೂ ತೊಡುವ ಜುಬ್ಬ. ಮೂರೂ ಒಂದಕ್ಕೊಂದು ಅಳತೆ ಮಾಡಿದಂತೆ ಕೂತಿವೆ. ವಿದ್ಯುತ್ತು, ಕಂಪ್ಯೂಟರು ಇಲ್ಲದ್ದನ್ನು ತಂತ್ರಜ್ಞಾನ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೆ ಚೊಗರಿನ ಬಣ್ಣ ಒಗೆದರೆ ಬಿಡದಂತೆ ನಿಲ್ಲಿಸುವುದು ಅಪ್ಪಟ ರಸಾಯನಶಾಸ್ತ್ರ.

ಕಸೂತಿಯ ಪ್ರಸಂಗ ಇದಕ್ಕೆ ತಿರುಗುಮುರುಗು. ಇಳಕಲ್ ಸೀರೆಯ ಮೇಲೆ ಹಾಕುವ ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತ್ಯ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕಬೇಕು. ಎಳೆ ಎಣಿಕೆ ಎಂದರೆ ಚೌಕಳಿ, ಚೌಕಳಿ ಎಂದರೆ ಕಂಪ್ಯೂಟರಿಗೆ ಹಬ್ಬ. ಗೋಪುರ, ತೇರು, ತುಳಸಿಕಟ್ಟೆ ಎಲ್ಲವೂ ಸುಲಭವಾಗಿ ಫೈಲಾಗುತ್ತವೆ. ಹಾಗಾಗಿಯೇ ಯಂತ್ರದ ಕಸೂತಿ ಪೇಟೆಯನ್ನು ತುಂಬಿತು. ಆದರೆ ಗವಂತಿಯ ಜಾಣ್ಮೆ ಚಿತ್ರದಲ್ಲಿಲ್ಲ, ದಾರಿಯಲ್ಲಿದೆ. ಒಂದೇ ದಾರ ಬಿಟ್ಟುಬಿಟ್ಟು ಹೊಲಿಯುತ್ತ ಹೋಗಿ, ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತ ಹಿಂದಿರುಗಬೇಕು. ಗಂಟಿಲ್ಲ, ಸೀರೆಯ ಒಳಮೈ ಹೊರಮೈ ಎರಡೂ ಒಂದೇ. ಯಂತ್ರದಲ್ಲಿ ಮೇಲೊಂದು ದಾರ, ಕೆಳಗಿನ ಬಾಬಿನ್ನಿನದು ಇನ್ನೊಂದು ದಾರ, ಎರಡೂ ಒಂದನ್ನೊಂದು ಹಿಡಿದುಕೊಂಡು ಹೋಗುತ್ತವೆ. ತಿರುಗಿಸಿ ನೋಡಿದರೆ ಗುಟ್ಟು ಬಯಲು. ಚಿತ್ರವನ್ನು ಮಾತ್ರ ವಿನ್ಯಾಸ ಎಂದುಕೊಂಡರೆ ಯಂತ್ರ ಕಸೂತಿಯನ್ನು ಗೆದ್ದಿದೆ. ದಾರಿಯೂ ವಿನ್ಯಾಸವೇ ಎಂದರೆ ಇನ್ನೂ ಗೆದ್ದಿಲ್ಲ.

ಹೊಸದನ್ನು ಹುಟ್ಟಿಸಿದ ನೇಕಾರರಿಗೆ ಕಾನೂನಿನ ಆಸರೆ ಇದೆಯೇ ಎಂದು ನೋಡಿದರೆ ಬೇಸರವಾಗುತ್ತದೆ. ಜಿಐ ಕಾಪಾಡುವುದು ಹೆಸರನ್ನು. ಇಳಕಲ್ ಎಂಬ ಹೆಸರು ಹಾಕದೆ ಇಳಕಲ್ಲಿನ ಸೆರಗನ್ನೇ ಅಚ್ಚು ಹಾಕಿ ಮಾರುವವನ ಮುಂದೆ ಅದು ಬಹುಮಟ್ಟಿಗೆ ಮೂಕ. ಹೊಸ ಸೆರಗು ಹೆಣೆದ ನೇಕಾರರು 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಣಿ ಮಾಡಿಸಬಹುದು, ಹತ್ತು ವರ್ಷ, ನವೀಕರಿಸಿದರೆ ಇನ್ನೈದು ವರ್ಷ ರಕ್ಷಣೆ. ಮಾಡಿಸದೆ ಇದ್ದರೆ? ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಂ ಪ್ರಕಾರ, ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ ಔದ್ಯಮಿಕವಾಗಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯವೂ ಹೋಗುತ್ತದೆ. ಅಂದರೆ ಸೀರೆ ಚೆನ್ನಾಗಿ ಓಡಿದಷ್ಟೂ ಅದು ಎಲ್ಲರ ಸೊತ್ತಾಗುವ ಅಪಾಯ ಹೆಚ್ಚು. ಮಗ್ಗದ ಮನೆಗಳಲ್ಲಿ ಈ 50ರ ಲೆಕ್ಕ ತಿಳಿದವರು ಎಷ್ಟು ಮಂದಿ ಸಿಕ್ಕಾರು?

ಈಗ ಕೂಲಿಗೆ ಬರೋಣ. 2019-20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರೂ ಪೂರಕ ಕೆಲಸದವರೂ ಸೇರಿ 35.22 ಲಕ್ಷ ಮಂದಿ. ಅದರಲ್ಲಿ ಹತ್ತಕ್ಕೆ ಏಳಕ್ಕೂ ಹೆಚ್ಚು ಹೆಂಗಸರು. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗದ ತಿಂಗಳ ಆದಾಯ 5000 ರೂಪಾಯಿಗಿಂತ ಕಡಿಮೆ. ಇಂಥ ಮನೆಗೆ ಹೊಸ ವಿನ್ಯಾಸ ತಂದುಕೊಟ್ಟರೆ ಏನಾಗುತ್ತದೆ ಎಂದು ಊಹಿಸಿ. ಮಗ್ಗದ ಕಟ್ಟು ಬಿಚ್ಚಿ ಮತ್ತೆ ಕಟ್ಟಬೇಕು. ಅದು ಕೆಲವು ದಿನ. ಮೊದಲ ಸೀರೆಯಲ್ಲಿ ಎಳೆ ತಪ್ಪುತ್ತದೆ, ಬಿಚ್ಚಬೇಕು. ಎರಡನೆಯದರಲ್ಲಿ ಸೆರಗು ಸರಿಯಾಗಿ ಕೂರುವುದಿಲ್ಲ. ಕೈಗೆ ಹದ ಬರುವ ಹೊತ್ತಿಗೆ ತಿಂಗಳಾಗಿರುತ್ತದೆ. ಕೂಲಿ ಸೀರೆಯ ಲೆಕ್ಕದಲ್ಲಿರುವುದರಿಂದ ಕಲಿತ ದಿನಗಳಿಗೆ, ಬಿಚ್ಚಿದ ಬಟ್ಟೆಗೆ ಕೂಲಿ ಇಲ್ಲ. ಹಳೆಯ ಚಿತ್ತಾರವೇ ಇದ್ದರೆ ಈ ವಾರದ ದುಡ್ಡು ಈ ವಾರ ಬರುತ್ತದೆ. ನೇಕಾರರು ಹೊಸತಿಗೆ ಒಗ್ಗುವುದಿಲ್ಲ, ಸಂಪ್ರದಾಯಕ್ಕೆ ಅಂಟಿಕೊಂಡಿದ್ದಾರೆ ಎಂದು ಪೇಟೆಯ ವಿನ್ಯಾಸಕಾರರು ಗೊಣಗುವುದನ್ನು ಕೇಳಿದ್ದೇನೆ. ಅಂಟಿಕೊಂಡದ್ದು ಸಂಪ್ರದಾಯಕ್ಕಲ್ಲ, ವಾರದ ಸಂತೆಗೆ.

ಬೇರೆ ಉದ್ಯಮಗಳಲ್ಲಿ ಇದಕ್ಕೆ ಸಂಶೋಧನಾ ವೆಚ್ಚ ಎಂಬ ಗೌರವದ ಹೆಸರಿದೆ, ಕಂಪನಿ ಅದನ್ನು ಭರಿಸುತ್ತದೆ. ಮಗ್ಗದ ಮನೆಯಲ್ಲಿ ಅದನ್ನು ಭರಿಸುವುದು ನೇಕಾರರ ಹೊಟ್ಟೆ. ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ನೇಯಿಸಿ ಕೈಮಗ್ಗ ಅಭಿವೃದ್ಧಿ ನಿಗಮ ಎಷ್ಟೋ ಮನೆಗಳ ಒಲೆ ಉರಿಸಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊಂಡಿ ಹಾಕಬಲ್ಲ ಕೈ ವರ್ಷವಿಡೀ ಸಾದಾ ಬಟ್ಟೆ ನೇಯ್ದರೆ ಆ ಕೈ ಕೊಂಡಿಯನ್ನು ಮರೆಯುತ್ತದೆ. ಅದೇ ಸಮವಸ್ತ್ರದ ದುಡ್ಡಿನಲ್ಲಿ ಒಂದು ಪಾಲು ಹೊಸ ಮಾದರಿ ನೇಯುವ ದಿನಗಳಿಗೆ ದಿನಗೂಲಿಯಾಗಿ ಹೋಗಿದ್ದರೆ ಯಾವ ಯಂತ್ರದ ಸಬ್ಸಿಡಿಗಿಂತಲೂ ಹೆಚ್ಚು ಹೊಸತನ ಹುಟ್ಟುತ್ತಿತ್ತು ಎಂದೇ ನನ್ನ ಅಂದಾಜು.

ಹಾಗೆಂದು ಯಂತ್ರ ಬೇಡವೆಂದಲ್ಲ, ಬೇಕಾದ ಜಾಗ ಬೇರೆ ಇದೆ. ಕುಣಿಮಗ್ಗದಲ್ಲಿ ನೇಕಾರರು ನೆಲದ ಗುಂಡಿಗೆ ಕಾಲಿಳಿಬಿಟ್ಟು ದಿನವಿಡೀ ಕೂರುತ್ತಾರೆ, ಮಳೆಗಾಲದಲ್ಲಿ ಆ ಗುಂಡಿಗೆ ತೇವ ಏರುತ್ತದೆ. ಹಾಸಿನ ಎಳೆಗಳಿಗೆ ಗಂಜಿ ಹಾಕಬೇಕೆಂದರೆ ಬೀದಿಯುದ್ದಕ್ಕೂ ಎಳೆ ಹರವಬೇಕು, ಮೋಡ ಕವಿದರೆ ಆ ದಿನ ಹೋಯಿತು. ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವ ಅತ್ತೆ, ಸೊಸೆ, ಮಗಳು ಯಾರಿಗೂ ಬೇರೆ ಕೂಲಿ ಇಲ್ಲ, ಸೀರೆಯ ಕೂಲಿಯಲ್ಲೇ ಅದೂ ಸೇರಿಹೋಗಿರುತ್ತದೆ. ಈ ಕೆಲಸಗಳು ಸೀರೆಯಲ್ಲಿ ಕಾಣುವುದಿಲ್ಲ, ಮೈಯಲ್ಲಿ ಕಾಣುತ್ತವೆ: ಸೊಂಟದಲ್ಲಿ, ಮೊಣಕಾಲಿನಲ್ಲಿ, ಕಣ್ಣಿನಲ್ಲಿ. ಸಣ್ಣ ಊರಿಗೆ ಹೊಂದುವ ಗಂಜಿ ಹಾಕುವ ಯಂತ್ರ, ಎತ್ತರಿಸಿದ ಮಗ್ಗ, ಕಂಡಿಕೆಯ ಸಣ್ಣ ಮೋಟಾರು, ಇವಕ್ಕೆ ಎಂಜಿನಿಯರುಗಳು ತಲೆ ಕೊಟ್ಟರೆ ಕೈಮಗ್ಗದ ಹೆಸರಿಗೂ ಕುಂದಿಲ್ಲ, ಸೀರೆಗೂ ಕುಂದಿಲ್ಲ.

ಕೊಂಡಿ ಹಾಕುವುದನ್ನೇ ಯಂತ್ರಕ್ಕೆ ಕಲಿಸಬಹುದೇ? ತಂತ್ರದ ಮಟ್ಟಿಗೆ ಅಸಾಧ್ಯವೇನಲ್ಲ. ಹಳೆ ಹಾಸಿನ ತುದಿಗೆ ಹೊಸ ಹಾಸನ್ನು ಗಂಟು ಹಾಕುವ ಯಂತ್ರ ಪವರ್‌ಲೂಮ್ ಕಾರ್ಖಾನೆಗಳಲ್ಲಿ ಬಹಳ ಹಿಂದಿನಿಂದಲೇ ಇದೆ. ಕುಣಿಕೆಯೊಳಗೆ ಕುಣಿಕೆ ಸೇರಿಸುವುದು ಅದಕ್ಕಿಂತ ನಾಜೂಕು, ಆದರೆ ಒಂದು ಒಳ್ಳೆಯ ಕಾಲೇಜು ನಾಲ್ಕು ವರ್ಷ ಹಿಡಿದು ಕೂತರೆ ಆಗದ್ದಲ್ಲ. ಆದ ಮರುದಿನ ಅದು ಯಾರ ಮಗ್ಗಕ್ಕೆ ಹೋಗುತ್ತದೆ ಎಂಬುದು ಬೇರೆ ಪ್ರಶ್ನೆ. ಸಹಕಾರ ಸಂಘದ ಕೈಯಲ್ಲಿದ್ದರೆ ಕೊಂಡಿ ಹಾಕುವ ಬೇಸರ ತಪ್ಪಿ ತಿಂಗಳಿಗೆ ಇನ್ನೆರಡು ಸೀರೆ ಹೆಚ್ಚು ಇಳಿಯಬಹುದು. ಪವರ್‌ಲೂಮಿನ ಕೈಗೆ ಸಿಕ್ಕರೆ ಅಂಗಡಿಯಲ್ಲಿ ಬೆರಳಾಡಿಸಿ ನೋಡುವ ಹೆಂಗಸರಿಗೂ ಆಮೇಲೆ ಏನೂ ತಿಳಿಯದು.